ಎಷ್ಟು ವರ್ಷ ತಡೆಯುತ್ತದೆ ಈ ಮಣಿಕಟ್ಟು?

ಹುಬ್ಬಳ್ಳಿಯ ನಮ್ಮ ಚಿಗವ್ವ ಒಂದು ಮುಂಜಾನೆ ರೊಟ್ಟಿ ತಟ್ಟಲು ಕೂತಾಗ ಬಲಗೈಯ ಕಿರುಬೆರಳು ಮೇಲೆ ಏಳಲೇ ಇಲ್ಲ. ಅಂಗೈ ಹಿಟ್ಟಿನ ಮೇಲೆ ಬೀಳುತ್ತಿತ್ತು. ಎತ್ತುವಾಗ ಉಳಿದ ಬೆರಳುಗಳು ಎದ್ದರೂ ಕಿರುಬೆರಳು ಜೋತುಬಿದ್ದು ರೊಟ್ಟಿಯ ಮೇಲೆ ಗೀರು ಎಳೆಯುತ್ತಿತ್ತು. ನೋವು ಸ್ವಲ್ಪವೂ ಇರಲಿಲ್ಲ, ಅದಕ್ಕೇ ಮನೆಯವರು ಸುಮ್ಮನಿದ್ದರು. ಯಾರೋ ನರದ ಬಲಹೀನತೆ ಎಂದರು, ಇನ್ಯಾರೋ ಲಕ್ವ ಹೊಡೆದಿರಬೇಕು ಎಂದು ಎಣ್ಣೆ ತಿಕ್ಕಿದರು. ಮೂರು ವಾರದೊಳಗೆ ಉಂಗುರ ಬೆರಳೂ ಜೋತುಬಿತ್ತು.

ಆಮೇಲೆ ಕೈಯ ಆಪರೇಷನ್ ಮಾಡುವ ಡಾಕ್ಟರೊಬ್ಬರ ಬಳಿ ಕರೆದೊಯ್ದೆವು. ಅವರು ಮೊದಲು ಬೆರಳನ್ನು ಮುಟ್ಟಲೇ ಇಲ್ಲ. ಮಣಿಕಟ್ಟಿನ ಮೇಲೆ, ಕಿರುಬೆರಳಿನ ಬದಿಗೆ, ಗೋಲಿಯಷ್ಟು ಉಬ್ಬಿ ನಿಂತಿದ್ದ ಮೂಳೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಹಾರ್ಮೋನಿಯಂ ಪಟ್ಟಿಯ ಹಾಗೆ ಅದು ಒಳಗೆ ಹೋಯಿತು, ಬಿಟ್ಟೊಡನೆ ಮೇಲೆದ್ದಿತು. "ಬೆರಳ ಎತ್ತೋ ಹುರಿ ಈ ಎಲುಬಿಗೆ ತಿಕ್ಕಿ ತಿಕ್ಕಿ ಹರದೈತ್ರಿ. ಹಿಂಗ ಬಿಟ್ರ ನಡುಬೆರಳಿಂದೂ ಹರಿತೈತಿ" ಎಂದರು. ಚಿಗವ್ವ ಕೇಳಿದ್ದು ಒಂದೇ ಮಾತು: "ಆಪರೇಷನ್ ಮಾಡಿಸ್ಕೊಂಡ್ರ ಎಷ್ಟ ವರ್ಷ ತಡೀತೈತ್ರಿ ಸಾಹೇಬ್ರ?" ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನ ತಡೀಬೇಕ ಅನ್ನೋದರ ಮ್ಯಾಲ ಐತ್ರಿ ಅಮ್ಮಾ" ಎಂದರು.

ಆಗ ನನಗೆ ಅದು ನುಣುಚಿಕೊಳ್ಳುವ ಉತ್ತರದಂತೆ ಕೇಳಿತು. ಆಮೇಲಿನ ವರ್ಷಗಳಲ್ಲಿ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಾಗ ತಿಳಿಯಿತು, ಎಪ್ಪತ್ತು ಎಂಬತ್ತು ವರ್ಷಗಳ ಶಸ್ತ್ರವೈದ್ಯದ ಅನುಭವ ಕೊಡುವ ಉತ್ತರವೂ ಅದೇ. ನೋವು ಹೋಗಬೇಕೆಂದರೆ ಬಹುಕಾಲ ತಡೆಯುವ ಆಪರೇಷನ್‌ಗಳಿವೆ. ಮಣಿಕಟ್ಟು ಮೊದಲಿನಂತೆ ಆಡಬೇಕೆಂದರೆ ಅಷ್ಟು ಕಾಲ ತಡೆಯುವಂಥದ್ದು ಈವರೆಗೆ ಬಂದಿಲ್ಲ. ಈ ಎರಡರ ನಡುವೆ ಯಾವುದನ್ನು ಆರಿಸಿಕೊಳ್ಳಬೇಕು ಎನ್ನುವುದು ರೋಗಿ ತನ್ನ ಕೈಯಿಂದ ಏನು ಕೆಲಸ ಮಾಡುತ್ತಾಳೆ ಎಂಬುದರ ಮೇಲೆ ನಿಂತಿದೆ. ಎಕ್ಸ್‌ರೇ ನೋಡಿ ತೀರ್ಮಾನಿಸುವವರು ಇದನ್ನು ಕೇಳುವುದೇ ಕಡಿಮೆ, ನನ್ನ ಕಳವಳ ಇರುವುದೇ ಅಲ್ಲಿ.

ನಮ್ಮಲ್ಲಿ ಕೀಲು ನೋವಿಗೆಲ್ಲ ಸಂಧಿವಾತ ಎಂಬ ಒಂದೇ ಹೆಸರು. ಚಿಗವ್ವನಿಗೆ ಇದ್ದದ್ದೂ ಇಲ್ಲಿ ಹೇಳುತ್ತಿರುವುದೂ ವಯಸ್ಸಾಗಿ ಮಂಡಿ ಸವೆಯುವ ತೊಂದರೆ ಅಲ್ಲ. ಡಾಕ್ಟರುಗಳು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವ, ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ದಿಲ್ಲಿಯ ಹತ್ತಿರದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 0.75ರಷ್ಟು ಮಂದಿಗೆ ಇದು ಕಂಡುಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಕಾಯಿಲೆ ಶುರುವಾದ ಎರಡು ವರ್ಷದೊಳಗೆ ಹೆಚ್ಚು ಕಡಿಮೆ ಅರ್ಧದಷ್ಟು ಜನರ ಮಣಿಕಟ್ಟು ನೋಯುತ್ತದೆ. ಸರಿಯಾದ ಔಷಧಿ ಇಲ್ಲದ ಕಾಲದಲ್ಲಿ ಹತ್ತು ವರ್ಷ ಕಳೆಯುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಂದಿಯ ಮಣಿಕಟ್ಟಿಗೆ ಅದು ಹಬ್ಬಿರುತ್ತಿತ್ತು.

ಮಣಿಕಟ್ಟು ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಎಂಟು ಸಣ್ಣ ಮೂಳೆಗಳ ಗೂಡು. ಮುಂಗೈಯ ಎರಡು ಮೂಳೆಗಳ ತುದಿಗೆ ಅದು ಕಟ್ಟಿಕೊಂಡಿದೆ. ಅದನ್ನು ಹಿಡಿದಿಟ್ಟಿರುವವು ಅಸ್ಥಿರಜ್ಜುಗಳೆಂಬ ಕಟ್ಟುಗಳು. ಊದಿಕೊಂಡ ಪೊರೆ ಗೆದ್ದಲಿನಂತೆ ಈ ಕಟ್ಟುಗಳನ್ನೇ ತಿನ್ನುತ್ತದೆ. ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಕಿರುಬೆರಳಿನ ಬದಿಯ ಮೂಳೆ ಅಲ್ನಾದ ತುದಿಗೆ. ಅದು ಕಟ್ಟು ಸಡಿಲಿ ಮೇಲೆದ್ದು ನಿಲ್ಲುತ್ತದೆ. ಹೆಬ್ಬೆರಳಿನ ಬದಿಯ ದೊಡ್ಡ ಮೂಳೆ ರೇಡಿಯಸ್‌ನ ಮುಖ ಇಳಿಜಾರಾಗಿದೆ. ಹಿಡಿತ ತಪ್ಪಿದ ಸಣ್ಣ ಮೂಳೆಗಳು ಆ ಇಳಿಜಾರಿನಲ್ಲಿ ಅಂಗೈಯ ಕಡೆಗೂ ಕಿರುಬೆರಳಿನ ಕಡೆಗೂ ಜಾರುತ್ತವೆ. ಅಂಗೈ ಮೂಳೆಗಳು ಹೆಬ್ಬೆರಳಿನ ಕಡೆ ವಾಲುತ್ತವೆ, ಅದನ್ನು ಸರಿದೂಗಿಸಲೆಂಬಂತೆ ಬೆರಳುಗಳು ಕಿರುಬೆರಳಿನ ಕಡೆ ವಾಲುತ್ತವೆ. ಆದ್ದರಿಂದಲೇ ಅನುಭವಿಗಳು ಮೊದಲು ಮಣಿಕಟ್ಟು, ಆಮೇಲೆ ಬೆರಳು ಎನ್ನುತ್ತಾರೆ. ಅಡಿಪಾಯ ವಾಲಿದ ಮನೆಯ ಬಾಗಿಲನ್ನು ಎಷ್ಟು ಸಲ ಕೆತ್ತಿ ಕೂರಿಸಿದರೂ ಅದು ಮತ್ತೆ ಸಿಕ್ಕಿಕೊಳ್ಳುತ್ತದೆ.

ಮಣಿಕಟ್ಟಿನ ಬೆಲೆ ತಿಳಿಯಬೇಕಿದ್ದರೆ ನಿಮ್ಮ ಕೈಯನ್ನು ಅಂಗೈಯ ಕಡೆಗೆ ಪೂರ್ತಿ ಬಗ್ಗಿಸಿ ಮುಷ್ಟಿ ಕಟ್ಟಿ ನೋಡಿ. ಮುಷ್ಟಿ ಬಿಗಿಯಾಗುವುದಿಲ್ಲ. ಈಗ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿ ಹಿಡಿಯಿರಿ, ಮುಷ್ಟಿ ತಾನಾಗಿ ಗಟ್ಟಿಯಾಗುತ್ತದೆ. ಬೆರಳಿನ ಬಲವೆಲ್ಲ ಮಣಿಕಟ್ಟು ಎಲ್ಲಿ ನಿಂತಿದೆ ಎನ್ನುವುದರ ಮೇಲಿದೆ. ಕೆಳಗೆ ಜೋತುಬಿದ್ದ, ನೋಯುವ ಮಣಿಕಟ್ಟಿಗೆ ಬೆರಳುಗಳು ಚೆನ್ನಾಗಿದ್ದರೂ ಹಾಲಿನ ಪಾತ್ರೆ ಇಳಿಸಲಾಗದು.

ಚಿಕಿತ್ಸೆಯಿಲ್ಲದೆ ಈ ಕಾಯಿಲೆ ಎಲ್ಲಿಗೆ ಮುಟ್ಟಿಸುತ್ತದೆ ಎನ್ನುವುದಕ್ಕೆ ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ನ ಕೈಗಳೇ ಸಾಕ್ಷಿ. ಸುಮಾರು ಐವತ್ತರ ವಯಸ್ಸಿನಲ್ಲಿ ಅಂಟಿಕೊಂಡ ಸಂಧಿವಾತ 1919ರಲ್ಲಿ ಸಾಯುವವರೆಗೂ ಅವನನ್ನು ಬಿಡಲಿಲ್ಲ. 1915ರಲ್ಲಿ ಸಾಶಾ ಗಿಟ್ರಿ ತೆಗೆದ ಮೂಕಿ ಚಿತ್ರದಲ್ಲಿ, ಮಡಿಚಿ ಗಂಟಾದ ಬೆರಳುಗಳ ನಡುವೆ ಕುಂಚ ಹಿಡಿದು ಅವನು ಚಿತ್ರ ಬರೆಯುವುದನ್ನು ಇಂದಿಗೂ ನೋಡಬಹುದು. ಕೈಗೆ ಸುತ್ತಿದ ಬಟ್ಟೆ ಕುಂಚವನ್ನು ಕಟ್ಟಲು ಎಂದು ಜನ ಹೇಳುತ್ತ ಬಂದಿದ್ದಾರೆ. ವಾಸ್ತವವಾಗಿ ಅದು ಉಗುರು ಒತ್ತಿ ಅಂಗೈ ಚರ್ಮ ಹುಣ್ಣಾಗದಿರಲೆಂದು. ಕುಂಚವನ್ನು ಬೇರೆಯವರು ಬೆರಳ ಸಂದಿಗೆ ಇಡುತ್ತಿದ್ದರು. ಅವನಿಗೆ ಆಗ ಯಾರೂ ಏನೂ ಮಾಡುವಂತಿರಲಿಲ್ಲ.

ಮೊದಲ ಆಸರೆ ಬಂದದ್ದು ಬೇರೊಂದು ದಾರಿಯಿಂದ. ನ್ಯೂಯಾರ್ಕಿನ ವಿಲಿಯಂ ಡ್ಯಾರಾ 1912ರಲ್ಲಿ, ಏಟು ಬಿದ್ದು ಸ್ಥಾನ ತಪ್ಪಿದ ಮಣಿಕಟ್ಟಿಗಾಗಿ ಅಲ್ನಾದ ತುದಿಯನ್ನು ಕತ್ತರಿಸಿ ತೆಗೆಯುವ ಸರಳ ಆಪರೇಷನ್ನನ್ನು ವಿವರಿಸಿದ. 1943ರಲ್ಲಿ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಅದನ್ನು ಸಂಧಿವಾತದ ಕೈಗೆ ಬಳಸುವ ಬಗ್ಗೆ ಬರೆದ. ಉಬ್ಬಿ ನಿಂತ ಮೂಳೆ ಹೋದರೆ ಮುಂಗೈ ತಿರುಗಿಸುವಾಗಿನ ನೋವು ಹೋಗುತ್ತದೆ, ಹುರಿ ಹರಿಯುವುದು ನಿಲ್ಲುತ್ತದೆ. ವಯಸ್ಸಾದ, ಕೈಗೆ ಹೆಚ್ಚು ಭಾರ ಹಾಕದ ರೋಗಿಗಳಲ್ಲಿ ಇದರ ಫಲ ಹತ್ತಾರು ವರ್ಷ ನಿಂತದ್ದುಂಟು. ಆದರೆ ಗೂಡಿಗೆ ಒಂದು ಬದಿಯ ಗೋಡೆಯೇ ಇಲ್ಲದಂತಾಗಿ ಮಣಿಕಟ್ಟು ಇನ್ನಷ್ಟು ಜಾರಬಹುದು. ಕತ್ತರಿಸಿ ಉಳಿದ ಮೊಂಡು ತುದಿ ಪಕ್ಕದ ಮೂಳೆಗೆ ತಾಗಿ ನೋಯಬಹುದು. ಫ್ರಾನ್ಸಿನ ಸೋವೆ ಮತ್ತು ಕಪಾಂಜಿ 1936ರಲ್ಲಿ ಬೇರೆ ಉಪಾಯ ಹೂಡಿದರು. ಅಲ್ನಾದ ತಲೆಯನ್ನು ರೇಡಿಯಸ್‌ಗೆ ಬೆಸೆದು, ಅದರ ಹಿಂದೆ ಒಂದು ತುಂಡು ಮೂಳೆ ತೆಗೆದು ಅಲ್ಲಿ ಮುಂಗೈ ತಿರುಗುವಂತೆ ಮಾಡಿದರು. ಗೋಡೆ ಉಳಿಯಿತು, ತಿರುಗಾಟವೂ ಉಳಿಯಿತು. ಹಾಗಿದ್ದರೂ ದೀರ್ಘಕಾಲ ಕಾದು ನೋಡಿದವರ ಎಕ್ಸ್‌ರೇಗಳಲ್ಲಿ ಕಾಯಿಲೆ ಚುರುಕಾಗಿರುವ ಕೈಗಳಲ್ಲಿ ಸಣ್ಣ ಮೂಳೆಗಳ ಜಾರುವಿಕೆ ಎರಡೂ ವಿಧಾನಗಳಲ್ಲಿ ಮುಂದುವರಿದದ್ದು ಕಂಡಿದೆ. ಯುವ ವಯಸ್ಸಿನವರಿಗೆ ಎರಡನೆಯದು ಎಂದು ಬಹುತೇಕರು ಒಲಿದಿರುವುದು ಸರಿಯೆಂದೇ ನನಗೆ ಕಾಣುತ್ತದೆ.

ಊದಿದ ಪೊರೆಯನ್ನು ಮಾತ್ರ ಕೆರೆದು ತೆಗೆಯುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಅದು ಕೀಲನ್ನೇ ಉಳಿಸುತ್ತದೆಂದು ನಂಬಿದ್ದರು. ನೋವು ಮತ್ತು ಊತ ವರ್ಷಗಟ್ಟಲೆ ತಗ್ಗುತ್ತವೆ, ನಿಜ. ಎಕ್ಸ್‌ರೇ ಮಾತ್ರ ಅದರ ಪಾಡಿಗೆ ಕೆಡುತ್ತ ಹೋಗುತ್ತದೆ. ಈಗ ಒಳ್ಳೆಯ ಔಷಧಿ ಕೊಟ್ಟೂ ಆರು ತಿಂಗಳಾದರೂ ಇಳಿಯದ ಊತಕ್ಕೆ ಇದನ್ನು ಮೀಸಲಿಡುತ್ತಾರೆ.

ಹುರಿಗಳ ಕತೆಯೇ ಬೇರೆ, ಅಲ್ಲಿ ನಿಂತು ನೋಡಬೇಕು. ಬ್ರಿಟನ್ನಿನ ಶಸ್ತ್ರವೈದ್ಯ ವಾನ್-ಜಾಕ್ಸನ್ 1948ರಲ್ಲಿ ಎರಡು ಪ್ರಕರಣಗಳನ್ನು ವರದಿ ಮಾಡಿದ. ಬೆರಳನ್ನು ಎತ್ತುವ ಸ್ನಾಯುರಜ್ಜು ಒರಟಾದ ಮೂಳೆಗೆ ತಿಕ್ಕಿ, ಬಾವಿಯ ಗಡಗಡೆಯ ಮುರಿದ ಅಂಚಿಗೆ ಸಿಕ್ಕ ಹಗ್ಗದಂತೆ ಎಳೆ ಎಳೆಯಾಗಿ ಸವೆದು ತುಂಡಾಗಿತ್ತು. ಮೊದಲು ಕಿರುಬೆರಳು, ಆಮೇಲೆ ಉಂಗುರ ಬೆರಳು, ಆಮೇಲೆ ನಡುಬೆರಳು: ಸಾಲಾಗಿ ಹರಿಯುವ ಈ ಕ್ರಮಕ್ಕೆ ಇಂದಿಗೂ ಅವನ ಹೆಸರಿದೆ. ಅಂಗೈಯ ಬದಿಯಲ್ಲಿ ಇದೇ ರೀತಿ ಹೆಬ್ಬೆರಳನ್ನು ಬಗ್ಗಿಸುವ ಹುರಿ ಹರಿಯುವುದನ್ನು ಸ್ವೀಡನ್ನಿನ ಮ್ಯಾನರ್‌ಫೆಲ್ಟ್ 1969ರಲ್ಲಿ ವಿವರಿಸಿದ. ಹರಿದ ಎರಡು ತುದಿಗಳನ್ನು ಹಾಗೇ ಹೊಲಿಯಲು ಬರುವುದಿಲ್ಲ. ಸವೆದ ತುದಿ ಹತ್ತಿಯ ಎಳೆಯಂತಾಗಿರುತ್ತದೆ, ಮೇಲಿನ ಸ್ನಾಯು ಸಂಕುಚಿಸಿ ದೂರ ಸರಿದಿರುತ್ತದೆ. ಆದ್ದರಿಂದ ಒಂದು ಬೆರಳಿನ ಹುರಿ ಹರಿದಿದ್ದರೆ ಪಕ್ಕದ ಬೆರಳಿನ ಗಟ್ಟಿ ಹುರಿಗೆ ಸೇರಿಸಿ ಹೊಲಿಯುತ್ತಾರೆ. ಎರಡಾದರೆ ತೋರುಬೆರಳಿಗಿರುವ ಎರಡು ಹುರಿಗಳಲ್ಲಿ ಒಂದನ್ನು ತಂದು ಜೋಡಿಸುತ್ತಾರೆ. ಮೂರು ನಾಲ್ಕಾದರೆ ಅಂಗೈಯ ಕಡೆಯಿಂದ ಸಾಲ ತರಬೇಕು. ಹೊಲಿದ ಹುರಿ ಮತ್ತೆ ಹರಿಯದಂತೆ ಆ ಮೂಳೆಯನ್ನೂ ಅದೇ ಸಲ ಸರಿಪಡಿಸಬೇಕು.

ದೀರ್ಘಕಾಲದ ಫಲ ನೋಡಿದರೆ ಇಲ್ಲಿ ಒಂದು ವಿಷಯ ಸ್ಪಷ್ಟ. ಒಂದೆರಡು ಹುರಿ ಹರಿದಾಗ ಬಂದವರ ಬೆರಳು ಬಹುಮಟ್ಟಿಗೆ ಮೊದಲಿನಂತೆ ಏಳುತ್ತದೆ, ವರ್ಷಗಳ ನಂತರವೂ ಹಾಗೇ ಇರುತ್ತದೆ. ಮೂರು ನಾಲ್ಕು ಹರಿದ ಮೇಲೆ ಬಂದವರಲ್ಲಿ ಬೆರಳು ಅರ್ಧ ಮಾತ್ರ ಏಳುತ್ತದೆ, ಇಲ್ಲವೇ ಎದ್ದ ಬೆರಳು ಪೂರ್ತಿ ಮಡಿಚುವುದಿಲ್ಲ. ಯಾವ ವಿಧಾನ, ಯಾವ ದಾರ ಎನ್ನುವುದಕ್ಕಿಂತ ಎಷ್ಟು ಬೇಗ ಬಂದರು ಎನ್ನುವುದೇ ಇಲ್ಲಿ ಹೆಚ್ಚು. ನೋವಿಲ್ಲದೆ ಬೆರಳು ಜೋತುಬಿದ್ದರೆ ಅದು ತುರ್ತು ಎಂದು ಸಂಧಿವಾತ ಇರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಯಾರಾದರೂ ಹೇಳಬೇಕು. ನಮ್ಮ ಚಿಗವ್ವನಿಗೆ ಎಂಟು ವರ್ಷ ಮಾತ್ರೆ ಬರೆದುಕೊಟ್ಟವರು ಯಾರೂ ಹೇಳಿರಲಿಲ್ಲ.

ಮಣಿಕಟ್ಟಿನ ಮೂಳೆಗಳೇ ಜಾರತೊಡಗಿದಾಗ ಏನು? ಜಿನೀವಾದ ಶಾಮೆ ಮತ್ತು ಸಂಗಡಿಗರು 1983ರಲ್ಲಿ ಒಂದು ಅಪರೂಪದ ಗಮನಿಕೆಯನ್ನು ಮುಂದಿಟ್ಟರು. ಕೆಲವು ರೋಗಿಗಳಲ್ಲಿ ರೇಡಿಯಸ್ ಮತ್ತು ಅದಕ್ಕೆ ತಾಗಿದ ಲೂನೇಟ್ ಎಂಬ ಸಣ್ಣ ಮೂಳೆ ಕಾಯಿಲೆಯಿಂದಲೇ ಒಂದಕ್ಕೊಂದು ಬೆಸೆದುಕೊಂಡಿದ್ದವು. ಹಾಗೆ ಬೆಸೆದುಕೊಂಡ ಮಣಿಕಟ್ಟು ಮುಂದೆ ಜಾರದೆ ನಿಂತಿತ್ತು. ರೋಗ ತಾನಾಗಿ ಮಾಡಿದ್ದನ್ನೇ ಅವರು ಆಪರೇಷನ್ನಿನಿಂದ ಮಾಡಿದರು. ಈ ಅರೆ ಬೆಸುಗೆಯಿಂದ ಚಲನೆ ಅರ್ಧದಷ್ಟಾದರೂ ಉಳಿಯುತ್ತದೆ, ನೋವು ಇಳಿಯುತ್ತದೆ. ವರ್ಷಗಳು ಕಳೆದಂತೆ ಮುಂದಿನ ಸಾಲಿನ ಕೀಲು ಸವೆಯುವುದು ಬಹಳ ಜನರ ಎಕ್ಸ್‌ರೇಯಲ್ಲಿ ಕಾಣುತ್ತದೆ. ಆದರೂ ಅವರಲ್ಲಿ ಹಲವರು ನೋವಿಲ್ಲ ಎನ್ನುತ್ತಾರೆ. ಎಕ್ಸ್‌ರೇ ಒಂದು ಹೇಳಿ ಕೈ ಇನ್ನೊಂದು ಹೇಳುವ ಈ ಅಂತರ ಸಂಧಿವಾತದ ಮಣಿಕಟ್ಟಿನಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಯಾರಿಗೆ ಅರೆ ಬೆಸುಗೆ ಸಾಕು ಎನ್ನುವುದಕ್ಕೆ ಜೂರಿಕ್‌ನ ಸಿಮೆನ್ ಮತ್ತು ಹ್ಯೂಬರ್ ಕೊಟ್ಟ ವಿಂಗಡಣೆ ನನಗೆ ಬಹಳ ವಿವೇಕದ್ದೆನಿಸುತ್ತದೆ. ಇವತ್ತು ಎಷ್ಟು ಕೆಟ್ಟಿದೆ ಎಂದು ಕೇಳುವ ಬದಲು ಅವರು ಯಾವ ದಿಕ್ಕಿನಲ್ಲಿ ಕೆಡುತ್ತಿದೆ ಎಂದು ಕೇಳಿದರು. ಕೆಲವರ ಮಣಿಕಟ್ಟು ತಾನಾಗಿ ಬೆಸೆದುಕೊಳ್ಳುತ್ತ ಹೋಗುತ್ತದೆ. ಕೆಲವರದು ಸವೆದರೂ ಆಕಾರ ಬಿಡುವುದಿಲ್ಲ. ಇನ್ನು ಕೆಲವರದು ಕುಸಿಯುತ್ತ, ಚದುರುತ್ತ ಹೋಗುತ್ತದೆ. ಕೆಲವು ವರ್ಷಗಳ ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟರೆ ಇದು ಗೊತ್ತಾಗುತ್ತದೆ. ಮೂರನೆಯ ಬಗೆಯವರಿಗೆ ಪೊರೆ ಕೆರೆದು ಅಲ್ನಾ ಕತ್ತರಿಸಿ ಕಳಿಸಿದರೆ ಐದು ವರ್ಷದಲ್ಲಿ ಅವರು ಮತ್ತೆ ಬಾಗಿಲಲ್ಲಿ ನಿಂತಿರುತ್ತಾರೆ. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ನಮ್ಮವರು ಬೀರುವಿನ ಮೇಲೆ ಸುರುಳಿ ಸುತ್ತಿ ಇಟ್ಟಿರುತ್ತಾರಲ್ಲ, ಅವನ್ನು ಎಸೆಯಬೇಡಿ.

ಪೂರ್ತಿ ಹಾಳಾದ ಮಣಿಕಟ್ಟಿಗೆ ಉಳಿಯುವುದು ಎರಡೇ ದಾರಿ. ಒಂದು, ಕೀಲನ್ನೇ ಬೆಸೆದು ಅಲುಗದಂತೆ ಮಾಡುವುದು. ಇನ್ನೊಂದು, ಕೃತಕ ಕೀಲು ಕೂರಿಸುವುದು. ಕೃತಕ ಮಣಿಕಟ್ಟಿನ ಆಸೆ ಹಳೆಯದು. ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ 1890ರಷ್ಟು ಹಿಂದೆಯೇ ಕ್ಷಯ ತಗಲಿದ ಮಣಿಕಟ್ಟಿಗೆ ಆನೆದಂತದ ಕೀಲು ಹಾಕಿದ್ದ. ಅದು ಸೋಂಕಿನಿಂದ ಸೋತಿತು. 1967ರಲ್ಲಿ ಅಮೆರಿಕದ ಆಲ್ಫ್ರೆಡ್ ಸ್ವಾನ್ಸನ್ ಸಿಲಿಕೋನ್ ರಬ್ಬರಿನ ಬಾಗುವ ತುಂಡನ್ನು ಮೂಳೆಗಳ ನಡುವೆ ಇಟ್ಟ. ಮೊದಲ ಕೆಲವು ವರ್ಷ ರೋಗಿಗಳು ಸಂತೋಷಪಟ್ಟರು. ಆರು ವರ್ಷ ಆಗುವ ಹೊತ್ತಿಗೆ ಸುಮಾರು ಅರ್ಧದಷ್ಟು ತುಂಡುಗಳು ಮುರಿದಿದ್ದನ್ನು 1992ರ ಒಂದು ಅಧ್ಯಯನ ತೋರಿಸಿತು. ಸವೆದ ಸಿಲಿಕೋನ್ ಕಣಗಳಿಗೆ ಮೂಳೆ ಕೆರಳಿ ಒಳಗೇ ಟೊಳ್ಳಾಗುವುದೂ ಕಂಡಿತು. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಮೋಯ್ಲಿ, ಅಮೆರಿಕದ ವೋಲ್ಸ್ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲು ತಂದರು. ಅವು ಅಂಗೈ ಮೂಳೆಯಲ್ಲಿ ಸಡಿಲವಾದವು, ಹುರಿಗಳ ಸಮತೋಲ ತಪ್ಪಿಸಿದವು. ಪ್ರತಿ ತಲೆಮಾರಿನ ಕೀಲೂ ಹಿಂದಿನದರ ತಪ್ಪನ್ನು ತಿದ್ದಿಕೊಂಡು ಬಂದಿತು, ಮತ್ತೆ ಅಂಗೈಯ ಬದಿಯಲ್ಲೇ ಸೋತಿತು. ಯೂನಿವರ್ಸಲ್ ಎಂಬ ಕೀಲು ಹಾಕಿಸಿಕೊಂಡ ಸಂಧಿವಾತದ ರೋಗಿಗಳನ್ನು ಐದರಿಂದ ಹತ್ತು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಕೀಲುಗಳನ್ನು ತೆಗೆದು ಮತ್ತೆ ಆಪರೇಷನ್ ಮಾಡಬೇಕಾಗಿ ಬಂದಿತ್ತು. ಸ್ವೀಡನ್ನಿನ ಒಂದೇ ಆಸ್ಪತ್ರೆಯ 219 ಕೀಲುಗಳ 2015ರ ವರದಿ ಇದಕ್ಕಿಂತ ಭರವಸೆಯದು. ಹೊಸ ಮಾದರಿಗಳಲ್ಲಿ ಎಂಟು ವರ್ಷದ ನಂತರವೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕೀಲುಗಳು ಒಳಗೇ ಇದ್ದವು.

"ಒಳಗೇ ಇದ್ದವು" ಎನ್ನುವ ಮಾತನ್ನು ಎಚ್ಚರದಿಂದ ಓದಬೇಕು. ಕೀಲು ಕಿತ್ತು ಹಾಕಿಲ್ಲ ಎಂದರೆ ಕೈ ಚೆನ್ನಾಗಿದೆ ಎಂದರ್ಥವಲ್ಲ. ಸಡಿಲವಾದರೂ ಇನ್ನೊಂದು ಆಪರೇಷನ್ ಬೇಡವೆಂದು ಸಹಿಸಿಕೊಂಡವರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ. ಸೋತ ಕೀಲನ್ನು ತೆಗೆದು ಬೆಸೆಯುವುದು ಮೊದಲೇ ಬೆಸೆಯುವುದಕ್ಕಿಂತ ಬಹಳ ಕಷ್ಟ. ಮೂಳೆ ಕರಗಿ ಗುಂಡಿ ಬಿದ್ದಿರುತ್ತದೆ, ಸೊಂಟದಿಂದ ಮೂಳೆ ತಂದು ತುಂಬಬೇಕು, ತುಂಬಿದ್ದೂ ಕೆಲವೊಮ್ಮೆ ಕೂಡಿಕೊಳ್ಳುವುದಿಲ್ಲ.

ಬೆಸುಗೆಯ ಚರಿತ್ರೆ ಇಷ್ಟು ಏರುಪೇರಿನದಲ್ಲ. ಮ್ಯಾನರ್‌ಫೆಲ್ಟ್ ಮತ್ತು ಮಾಲ್ಮ್‌ಸ್ಟೆನ್ 1971ರಲ್ಲಿ ನಡುಬೆರಳಿನ ಅಂಗೈ ಮೂಳೆಯಿಂದ ರೇಡಿಯಸ್‌ನೊಳಗೆ ಒಂದು ಉಕ್ಕಿನ ಕಡ್ಡಿ ತೂರಿಸಿ ನಿಲ್ಲಿಸುವ ವಿಧಾನ ಹೇಳಿದರು. ಈಗ ಪ್ಲೇಟು ಮತ್ತು ಸ್ಕ್ರೂ ಹಾಕುವುದೂ ರೂಢಿಯಲ್ಲಿದೆ. ಯಾವುದರಲ್ಲೇ ಆಗಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಣಿಕಟ್ಟುಗಳು ಕೂಡಿಕೊಳ್ಳುತ್ತವೆ, ಕೂಡಿಕೊಂಡ ಮೇಲೆ ನೋವು ಸಾಮಾನ್ಯವಾಗಿ ಮರಳುವುದಿಲ್ಲ. ನೋವು ಹೋದದ್ದರಿಂದಲೇ ಹಿಡಿತ ಬಿಗಿಯಾಗುತ್ತದೆ. ಪ್ಲೇಟು ಚರ್ಮದಡಿ ತಗುಲಿ ತೆಗೆಸಬೇಕಾಗುವುದು, ಹುರಿಗಳಿಗೆ ತಾಗುವುದು ಇಂಥ ತೊಂದರೆಗಳಿವೆ. ಅವು ಮೊದಲ ಒಂದೆರಡು ವರ್ಷಗಳಲ್ಲೇ ಕಾಣಿಸಿಕೊಳ್ಳುವಂಥವು. ಮಿಶಿಗನ್ನಿನ ಕವಲಿಯೇರಿ ಮತ್ತು ಕೆವಿನ್ ಚುಂಗ್ 2008ರಲ್ಲಿ ಸಂಧಿವಾತದ ಮಣಿಕಟ್ಟಿನ ಬಗ್ಗೆ ಪ್ರಕಟವಾಗಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಬೆಸುಗೆಯ ಫಲ ಕೃತಕ ಕೀಲಿಗೆ ಸಮನಾಗಿತ್ತು, ಕೆಲವೆಡೆ ಮೇಲಾಗಿತ್ತು. ಕೀಲು ಹಾಕುವುದೇ ಚಲನೆಗಾಗಿ. ಆ ಚಲನೆ ದಿನದ ಕೆಲಸಕ್ಕೆ ಸಾಲುವಷ್ಟಿದ್ದದ್ದು, ಅಳತೆ ಕೊಟ್ಟಿದ್ದ ಹದಿನಾಲ್ಕು ಅಧ್ಯಯನಗಳ ಪೈಕಿ ಮೂರರಲ್ಲಿ ಮಾತ್ರ.

ದಿನದ ಕೆಲಸಕ್ಕೆ ಎಷ್ಟು ಚಲನೆ ಸಾಕು? 1985ರಲ್ಲಿ ಪಾಮರ್ ಮತ್ತು ಸಂಗಡಿಗರು ಅಳೆದು ಕೊಟ್ಟ ಉತ್ತರ ಅಂಗೈಯ ಕಡೆ 5 ಡಿಗ್ರಿ, ಹಿಂದಕ್ಕೆ 30 ಡಿಗ್ರಿ. 1991ರಲ್ಲಿ ರ್ಯೂ ಮತ್ತು ಸಂಗಡಿಗರು ಎರಡೂ ಕಡೆ 40 ಡಿಗ್ರಿ ಬೇಕೆಂದರು. ಇಷ್ಟು ವ್ಯತ್ಯಾಸ ಬರುವುದು ಯಾವ ಕೆಲಸವನ್ನು ಅಳೆದರು ಎನ್ನುವುದರಿಂದ. ಬಾಗಿಲ ಗುಂಡಿ ತಿರುಗಿಸುವುದು, ಲೋಟ ಎತ್ತುವುದು, ಫೋರ್ಕಿನಲ್ಲಿ ತಿನ್ನುವುದು ಇಂಥವೇ ಅವರ ಪಟ್ಟಿಯಲ್ಲಿದ್ದವು. ನಮ್ಮ ಮನೆಯ ಪಟ್ಟಿಯೇ ಬೇರೆ. ರೊಟ್ಟಿ ತಟ್ಟಲು ಮಣಿಕಟ್ಟು ಹಿಂದಕ್ಕೆ ಬಾಗಬೇಕು. ಅನ್ನ ಕಲಸಿ ತುತ್ತು ಬಾಯಿಗಿಡಲು ಅಂಗೈ ಕಡೆ ಬಾಗಬೇಕು. ಸೀರೆಯ ನೆರಿಗೆ ಹಿಡಿಯಬೇಕು, ಬಟ್ಟೆ ಹಿಂಡಬೇಕು, ಬೆನ್ನ ಹಿಂದೆ ಜಡೆ ಹೆಣೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ಶೌಚದ ನಂತರ ಎಡಗೈಯಿಂದ ತೊಳೆದುಕೊಳ್ಳಬೇಕು. ಎಡ ಮಣಿಕಟ್ಟನ್ನು ಪುಸ್ತಕದಲ್ಲಿ ಹೇಳಿದಂತೆ ಹಿಂದಕ್ಕೆ ಎತ್ತಿ ಬೆಸೆದರೆ ಆ ಕೆಲಸ ಆಗದು. ಆ ಅವಮಾನಕ್ಕೆ ಹೋಲಿಸಿದರೆ ಹಿಡಿತದ ಬಲದ ಅಂಕಿ ಯಾವ ಲೆಕ್ಕ? ಎರಡೂ ಕೈ ಕೆಟ್ಟವರಲ್ಲಿ ಒಂದನ್ನು ನೇರವಾಗಿ ಅಥವಾ ತುಸು ಒಳಕ್ಕೆ ಬಾಗಿಸಿ ಬೆಸೆಯಬೇಕೆಂದು ಶಸ್ತ್ರವೈದ್ಯರು ಬಲ್ಲರು. ಯಾವುದನ್ನು ಹೇಗೆ ಎಂದು ರೋಗಿಯನ್ನು ಕೇಳಬೇಕು, ಸೊಸೆಯನ್ನೋ ಮಗನನ್ನೋ ಹೊರಗೆ ಕಳಿಸಿ ಕೇಳಬೇಕು.

ಇನ್ನೊಂದು ಸಂಗತಿ ನೆಲದ ಮೇಲೆ ಕೂರುವವರದು. ಮಂಡಿಯೂ ಕೆಟ್ಟ ಸಂಧಿವಾತದ ರೋಗಿ ನೆಲದಿಂದ ಏಳುವಾಗ ಅಂಗೈ ಊರಿ ಇಡೀ ಮೈಭಾರ ಹಾಕುತ್ತಾಳೆ. ಊರುಗೋಲು ಹಿಡಿದು ನಡೆಯುವವರಿಗೆ ಕೃತಕ ಮಣಿಕಟ್ಟು ಬೇಡ ಎಂದು ಪಾಶ್ಚಾತ್ಯ ಪುಸ್ತಕಗಳೇ ಎಚ್ಚರಿಸುತ್ತವೆ. ಆ ಎಚ್ಚರಿಕೆ ಕೈಯೂರಿ ಏಳುವವರಿಗೂ ಅನ್ವಯಿಸುತ್ತದೆ. ನಮ್ಮ ಹಳ್ಳಿಗಳ ಬಹುಪಾಲು ಹೆಂಗಸರಿಗೆ ಬೆಸುಗೆ, ಅಥವಾ ಸಾಧ್ಯವಿದ್ದರೆ ಅರೆ ಬೆಸುಗೆ, ಕೃತಕ ಕೀಲಿಗಿಂತ ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಕೈ ಬೆಸೆದು, ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರಿಗೆ ಇನ್ನೊಂದು ಕೈಗೆ ಕೀಲು ಹಾಕುವ ಯೋಚನೆ ಮಾತ್ರ ಒಪ್ಪುವಂಥದ್ದು.

ಇಷ್ಟು ಹೊತ್ತು ಹೇಳಿದ ಫಲಿತಾಂಶಗಳಲ್ಲಿ ಬಹಳಷ್ಟು ಔಷಧಿ ದುರ್ಬಲವಾಗಿದ್ದ ಕಾಲದ ರೋಗಿಗಳವು ಎನ್ನುವುದನ್ನೂ ನೆನಪಿಡಬೇಕು. ಮೆಥೊಟ್ರೆಕ್ಸೇಟ್ ಮಾತ್ರೆ ಸಂಧಿವಾತಕ್ಕೆ ಅಮೆರಿಕದಲ್ಲಿ ಅಧಿಕೃತವಾಗಿ ಒಪ್ಪಿಗೆ ಪಡೆದದ್ದು 1988ರಲ್ಲಿ. ಬಯಾಲಜಿಕ್ ಎನ್ನುವ ಚುಚ್ಚುಮದ್ದುಗಳು ಬಂದದ್ದು 1998ರಿಂದೀಚೆಗೆ. ಅಲ್ಲಿಂದ ಶ್ರೀಮಂತ ದೇಶಗಳಲ್ಲಿ ಸಂಧಿವಾತದ ಕೈ ಆಪರೇಷನ್‌ಗಳು ಎದ್ದು ಕಾಣುವಷ್ಟು ಇಳಿದಿವೆ. ಬ್ರಿಟನ್ನಿನಲ್ಲಿ 1986ರಿಂದ ಹಿಂಬಾಲಿಸಿದ ರೋಗಿಗಳ ದಾಖಲೆಯಲ್ಲಿ ಸೊಂಟ, ಮಂಡಿಗಳ ಆಪರೇಷನ್ ಹೆಚ್ಚು ಕಡಿಮೆ ಇದ್ದಂತೆಯೇ ಇದ್ದರೂ ಕೈ ಮತ್ತು ಪಾದದವು ಕಡಿಮೆಯಾದವು. ಇದಕ್ಕಿಂತ ಸಂತೋಷದ ಸುದ್ದಿ ಈ ವಿಷಯದಲ್ಲಿ ಬೇರೊಂದಿಲ್ಲ. ಕೈಯ ಆಪರೇಷನ್ ಕಲಿಯುವ ಯುವ ವೈದ್ಯರು ಇಂಥ ಮಣಿಕಟ್ಟನ್ನು ನೋಡುವುದೇ ಅಪರೂಪವಾದೀತು ಎಂಬುದು ಅದರ ಇನ್ನೊಂದು ಮುಖ. ಮೂಳೆ ಗಟ್ಟಿಯಿರುವ, ಕಾಯಿಲೆ ಹತೋಟಿಯಲ್ಲಿರುವ ಹೊಸ ಕಾಲದ ರೋಗಿಗೆ ಅರೆ ಬೆಸುಗೆಯೂ ಕೃತಕ ಕೀಲೂ ಹಳೆಯ ಅಂಕಿಗಳಿಗಿಂತ ಹೆಚ್ಚು ಕಾಲ ತಡೆಯಬಹುದೆಂದು ಎಣಿಸಲು ಕಾರಣವಿದೆ.

ಆಪರೇಷನ್ ಹತ್ತಿರ ಬಂದಾಗ ಮಾತ್ರೆ ನಿಲ್ಲಿಸಬೇಕೇ ಎಂಬ ಗೊಂದಲ ಎಲ್ಲ ಮನೆಗಳಲ್ಲೂ ಇರುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ 388 ರೋಗಿಗಳ ಮೇಲೆ ನಡೆದ ಅಧ್ಯಯನ ಮೆಥೊಟ್ರೆಕ್ಸೇಟ್ ಮುಂದುವರಿಸಿದವರಲ್ಲಿ ಸೋಂಕು ಹೆಚ್ಚಾಗಲಿಲ್ಲ ಎಂದು ತೋರಿಸಿತು. ನಿಲ್ಲಿಸಿದವರಲ್ಲಿ ಕಾಯಿಲೆ ಕೆರಳುವ ಅಪಾಯವೇ ಹೆಚ್ಚು. ಬಯಾಲಜಿಕ್ ಚುಚ್ಚುಮದ್ದನ್ನು ಮಾತ್ರ ಸಾಮಾನ್ಯವಾಗಿ ಒಂದು ಸರದಿ ತಪ್ಪಿಸುತ್ತಾರೆ. ಇವೆರಡನ್ನೂ ಮನೆಯಲ್ಲಿ ತೀರ್ಮಾನಿಸಬಾರದು, ಮಾತ್ರೆ ಬರೆದ ಡಾಕ್ಟರೂ ಕತ್ತಿ ಹಿಡಿಯುವ ಡಾಕ್ಟರೂ ಮಾತಾಡಿಕೊಂಡು ಹೇಳಬೇಕು.

ಅವರಿಬ್ಬರೂ ಮಾತಾಡಿಕೊಳ್ಳುವುದೇ ಕಡಿಮೆ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಸಂಧಿವಾತ ತಜ್ಞರನ್ನೂ ಕೈಯ ಶಸ್ತ್ರವೈದ್ಯರನ್ನೂ ಕೇಳಿದಾಗ ಎರಡೂ ಕಡೆಯ ಹತ್ತರಲ್ಲಿ ಏಳು ಮಂದಿ, ಆ ಇನ್ನೊಬ್ಬರಿಗೆ ನಮ್ಮ ಚಿಕಿತ್ಸೆಯ ಬಗ್ಗೆ ಸರಿಯಾಗಿ ಗೊತ್ತಿಲ್ಲ ಎಂದಿದ್ದರು. ಅವರ ನಡುವಿನ ಆ ಮೌನದಲ್ಲಿ ಹುರಿ ಹರಿಯುತ್ತದೆ. ಉತ್ತರ ಕರ್ನಾಟಕದ ಒಬ್ಬ ಹೆಂಗಸು ಮೊದಲು ಊರಿನ ನಾಟಿ ಔಷಧಿ, ಆಮೇಲೆ ಏನೆಂದು ತಿಳಿಯದ ಸ್ಟೀರಾಯ್ಡ್ ಪುಡಿ, ಆಮೇಲೆ ತಾಲೂಕಿನ ಡಾಕ್ಟರು, ಅಲ್ಲಿಂದ ನಗರದ ತಜ್ಞ ಎಂದು ಅಲೆದು ಕೈಯ ಆಪರೇಷನ್ ಡಾಕ್ಟರ ಬಳಿ ಬರುವ ಹೊತ್ತಿಗೆ ಬಹುಮಟ್ಟಿಗೆ ಬೆಸುಗೆಯೊಂದೇ ಉಳಿದಿರುತ್ತದೆ. ಊತ ಇಳಿಯದ ಮಣಿಕಟ್ಟನ್ನು ವರ್ಷಕ್ಕೊಮ್ಮೆಯಾದರೂ ಕೈಯ ಡಾಕ್ಟರು ನೋಡಲಿ. ಆಪರೇಷನ್ ಬೇಡ ಎಂದು ಅವರು ಹೇಳಿ ಕಳಿಸಿದರೂ ಆ ಭೇಟಿ ವ್ಯರ್ಥವಲ್ಲ.

ಚಿಗವ್ವನ ಬಲಗೈಗೆ ಅಲ್ನಾದ ತುದಿ ತೆಗೆದು, ಉಂಗುರ ಬೆರಳಿನ ಹುರಿಯನ್ನು ನಡುಬೆರಳಿನದಕ್ಕೆ ಸೇರಿಸಿ, ತೋರುಬೆರಳಿನ ಎರಡನೆಯ ಹುರಿಯನ್ನು ಕಿರುಬೆರಳಿಗೆ ಕೊಟ್ಟರು. ಅದಾಗಿ ಹನ್ನೆರಡು ವರ್ಷ. ಬೆರಳುಗಳು ಏಳುತ್ತವೆ. ಕಿರುಬೆರಳು ತುಸು ತಗ್ಗಿಯೇ ಇರುತ್ತದೆ. ಎಡ ಮಣಿಕಟ್ಟನ್ನು ಐದು ವರ್ಷದ ಹಿಂದೆ ಬೆಸೆದರು. ಅದಕ್ಕೆ ಮೊದಲು ಆ ಡಾಕ್ಟರು ನನ್ನನ್ನು ಹೊರಗೆ ಕಳಿಸಿ ಹತ್ತು ನಿಮಿಷ ಅವಳ ಜೊತೆ ಮಾತಾಡಿದ್ದರು. ಏನು ಮಾತಾಡಿದರೆಂದು ನಾನು ಕೇಳಿಲ್ಲ. ಮಣಿಕಟ್ಟು ನೇರವಾಗಿ ಬೆಸೆದುಕೊಂಡಿದೆ.

ರೊಟ್ಟಿ ತಟ್ಟುವುದನ್ನು ಅವಳು ಬಿಟ್ಟಿದ್ದಾಳೆ. ಮೊನ್ನೆ ಹೋದಾಗ ಕಟ್ಟೆಯ ಮುಂದೆ ನಿಂತು ಲಟ್ಟಣಿಗೆಯಲ್ಲಿ ಜೋಳದ ರೊಟ್ಟಿ ಲಟ್ಟಿಸುತ್ತಿದ್ದಳು. ಎಡಗೈ ಲಟ್ಟಣಿಗೆಯ ತುದಿಯ ಮೇಲೆ ಸುಮ್ಮನೆ ಕೂತಿತ್ತು, ತಿರುಗಿಸುವ ಕೆಲಸವೆಲ್ಲ ಬಲಗೈಯದು. ಅಂಚು ಸ್ವಲ್ಪ ದಪ್ಪವಾಗಿತ್ತು. "ತಟ್ಟಿದ್ಹಾಂಗ ಆಗೂದಿಲ್ಲ" ಎಂದು ಹೇಳಿ, ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಹಂಚಿಗೆ ಹಾಕಿದಳು.